ಗುಬ್ಬಿ ಬಸ್ಸಿನಲ್ಲಿ ಅಮೆರಿಕದ ಅಧ್ಯಕ್ಷರು

ನಮ್ಮ ವಿಭಾಗದ ಮುಖ್ಯಸ್ಥರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ತುಮಕೂರಿನ ಕಾಲೇಜೊಂದರಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕಿ. ಅಮೆರಿಕದ ಇತಿಹಾಸದ ಪೇಪರನ್ನು ಯಾರೂ ಮುಟ್ಟದಿದ್ದಾಗ ಅದನ್ನು ನನ್ನ ತಲೆಗೆ ಕಟ್ಟಿದರು. ನಾನೋ ಅದನ್ನು ಹಟ ಹಿಡಿದು ಓದಿದೆ, ಕೊನೆಗೆ ಪ್ರೀತಿಸಿಯೂಬಿಟ್ಟೆ. ವಿದ್ಯಾರ್ಥಿಗಳಿಗೆ ಮಾತ್ರ ಯಾವ ಅಧ್ಯಕ್ಷ ಮೊದಲು, ಯಾವನು ಆಮೇಲೆ ಎಂಬುದು ತಲೆಗೆ ಹತ್ತುತ್ತಿರಲಿಲ್ಲ. ಅರ್ಧಕ್ಕರ್ಧ ಮಂದಿ ಗುಬ್ಬಿ, ಕಡಬ ಕಡೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವವರು. ಹಾಗಾಗಿ ನಾನು ಪಾಠದಲ್ಲಿ ಅಧ್ಯಕ್ಷರನ್ನೆಲ್ಲ ಕಾಲಾನುಕ್ರಮದಲ್ಲಿ, ಒಂದೊಂದು ಸ್ಟಾಪಿನಲ್ಲಿ, ಗುಬ್ಬಿ ಬಸ್ಸಿಗೆ ಹತ್ತಿಸಿದೆ.

ಗುಲಾಮರನ್ನು ಬಿಡಿಸಿದ ಉದ್ದನೆಯ ಮನುಷ್ಯ ಗುಬ್ಬಿ ಸ್ಟ್ಯಾಂಡಿನಲ್ಲೇ ಹತ್ತುತ್ತಿದ್ದ. ಅವನ ಟೋಪಿ ಚಾವಣಿಗೆ ಬಡಿಯುತ್ತಿತ್ತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಜನರಿಗೆ ಕೆಲಸ ಕೊಟ್ಟ ಗಾಲಿಕುರ್ಚಿಯ ಅಧ್ಯಕ್ಷನನ್ನು ಮಲ್ಲಸಂದ್ರದಲ್ಲಿ ಎತ್ತಿ ಹತ್ತಿಸಬೇಕಿತ್ತು. ಕಡಲೆಕಾಯಿ ಬೆಳೆಯುತ್ತಿದ್ದ ಅಧ್ಯಕ್ಷ ಹೆಗ್ಗೆರೆಯಲ್ಲಿ ಮೂಟೆ ಸಮೇತ ಬರುತ್ತಿದ್ದ. ಮೊದಲ ಕಪ್ಪು ಅಧ್ಯಕ್ಷ ಹತ್ತುವಷ್ಟರಲ್ಲಿ ತುಮಕೂರು ಬಂದಿರುತ್ತಿತ್ತು. ದಾರಿಯುದ್ದಕ್ಕೂ, ಅಮೆರಿಕದ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲ್ಲ ಎಂದ ಆ ಕಪ್ಪು ಹೆಂಗಸು ಕಿಟಕಿ ಪಕ್ಕ ಕೂತೇ ಇರುತ್ತಿದ್ದಳು. ಗಾಲಿಕುರ್ಚಿಯವನು ಅವಳಿಗೆ, "ಏಳ್ಬೇಡ ಕಣಮ್ಮ, ಕೂತ್ಕೊ. ಯಾವನ್ ಎಬ್ಬುಸ್ತಾನೋ ನಾನೂ ನೋಡ್ತೀನಿ," ಅನ್ನುತ್ತಿದ್ದ. ಅವಳು ಸೀಟು ಬಿಡದೆ ಕೂತದ್ದು ಆತ ಸತ್ತು ಹತ್ತು ವರ್ಷವಾದ ಮೇಲೆ. ಅದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿದ್ದೆ. ನಮ್ಮ ಬಸ್ಸಿನಲ್ಲಿ ಸತ್ತವರಿಗೂ ಸೀಟಿತ್ತು.

ಮುಖ್ಯಸ್ಥರ ಕೋಣೆಗೂ ನನ್ನ ತರಗತಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ವಿದ್ಯಾರ್ಥಿಗಳ ನಗು ಆಚೆಗೆ ಕೇಳಿಸುತ್ತಿತ್ತು. ನನ್ನ ಪಾಠವೂ ಕೇಳಿಸುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಒಂದು ದಿನ ಕರೆದು, ಮುಂದಿನ ಸೆಮಿಸ್ಟರಿನಿಂದ ಆ ಪೇಪರ್ ತಾವೇ ತಗೊಳ್ಳುವುದಾಗಿ ಹೇಳಿದರು. ಯಾಕೆ ಸಾರ್ ಎಂದೆ. "ನೀವು ಗೆಸ್ಟು ಕಣಮ್ಮ. ಬಂದು ಪಾಠ ಮಾಡಿ ಹೋಗೋರಿಗೆ ಇದು ನನ್ ಪೇಪರ್ ಅನ್ನೋದೆಲ್ಲ ಯಾಕೆ?" ಎಂದು ಚಹಾ ಕುಡಿದರು. ನನಗೆ ಕೂರಲೂ ಹೇಳಲಿಲ್ಲ. ಆ ಬೆಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡಿದೆ.

ಕುಣಿಗಲ್ಲಿನ ಕಾಲೇಜೊಂದರಲ್ಲಿ ಅಮೆರಿಕದ ಇತಿಹಾಸದ ಮೇಲೆ ಅವರ ವಿಶೇಷ ಉಪನ್ಯಾಸ ಏರ್ಪಾಡಾಯಿತು. ಸಭಾಂಗಣ ತುಂಬಿಸಲು ನಮ್ಮ ವಿದ್ಯಾರ್ಥಿಗಳನ್ನೂ ಬಸ್ಸಿನಲ್ಲಿ ಕರೆದೊಯ್ದರು, ಅವರನ್ನು ಕಾಯಲು ನನ್ನನ್ನೂ. ಉಪನ್ಯಾಸ ಶುರುವಾದದ್ದೇ, ನನ್ನ ಪಾಠದ ವಾಕ್ಯಗಳು ಮುಖ್ಯಸ್ಥರ ಬಾಯಲ್ಲಿ ಒಂದೊಂದಾಗಿ ಬರತೊಡಗಿದವು. ಆಮೇಲೆ ಅವರು ಕನ್ನಡಕ ತೆಗೆದು, ದನಿ ತಗ್ಗಿಸಿ ಹೇಳಿದರು: "ಆ ಮಹಾನುಭಾವ ಗಾಲಿಕುರ್ಚಿಯಲ್ಲೇ ಬಸ್ಸಿಗೆ ಬಂದು ಆ ತಾಯಿಗೆ, ಏಳಬೇಡ ಕಣಮ್ಮ, ಕೂತ್ಕೊ ಎಂದರು. ಇದು ಇತಿಹಾಸ!"

ನಾನು ಎದ್ದು ನಿಂತೆ. "ಸಾರ್, ಇದು ಯಾವ ವರ್ಷ?"

ಅವರು ಕನ್ನಡಕ ಮತ್ತೆ ಹಾಕಿಕೊಂಡು ಕಾಗದ ತಿರುವಿದರು. ಹಿಂದಿನಿಂದ ಕಡಬದ ಹುಡುಗಿಯೊಬ್ಬಳು ಕೂಗಿದಳು: "ಸಾರ್, ಅದು ಅಮೆರಿಕ ಅಲ್ಲ ಸಾರ್, ನಮ್ ಗುಬ್ಬಿ ಬಸ್ಸು!"

ನಮ್ಮ ವಿದ್ಯಾರ್ಥಿಗಳು ಬಿದ್ದು ಬಿದ್ದು ನಕ್ಕರು. ಮುಖ್ಯಸ್ಥರು ಮೈಕಿನ ಮುಂದೆ ನಿಂತೇ ನನ್ನತ್ತ ನೋಡಿದರು. "ಮೇಡಂ, ನೀವಾದ್ರೂ ಸ್ವಲ್ಪ ಹೇಳಿ..." ಒಂದು ಮಾತಿನಲ್ಲಿ ಅವರನ್ನು ಉಳಿಸಬಹುದಿತ್ತು, ಪಾಠಕ್ಕೆಂದು ಕಟ್ಟಿದ ಕಥೆ ಎಂದರೆ ಸಾಕಿತ್ತು.

"ನಾನು ಗೆಸ್ಟು ಸಾರ್," ಎಂದು ಕೂತೆ. ಅಷ್ಟು ಹಾಯಾಗಿ ನಾನು ಯಾವತ್ತೂ ಕೂತಿರಲಿಲ್ಲ.

ಪೇಪರ್ ನನಗೆ ವಾಪಸ್ ಬರಲಿಲ್ಲ. ಈಗ ಅದೇ ಕೋಣೆಯಲ್ಲಿ ನಾನು ಪ್ರಾಚೀನ ಭಾರತದ ಪಾಠ ಮಾಡುತ್ತೇನೆ. ಮುಖ್ಯಸ್ಥರು ಅಮೆರಿಕದ ಪಾಠಕ್ಕೆಂದು ಕಾರಿಡಾರಿನಲ್ಲಿ ಹೊರಟರೆ ಸಾಕು, ನನ್ನ ತರಗತಿಯ ಕೊನೆಯ ಬೆಂಚಿನಿಂದ ಯಾರಾದರೂ ಕಂಡಕ್ಟರ್ ದನಿಯಲ್ಲಿ "ರೈಟ್, ರೈಟ್!" ಅನ್ನುತ್ತಾರೆ. ಸುಮ್ಮನಿರ್ರೋ ಎಂದು ಗದರುವುದು ನನ್ನ ಕೆಲಸ. ನಾನು ಮಾತ್ರ ಬೋರ್ಡಿನ ಕಡೆ ತಿರುಗಿ, ಅವರು ಕಾರಿಡಾರ್ ದಾಟುವ ತನಕ ನಿಧಾನವಾಗಿ ಬರೆಯುತ್ತಿರುತ್ತೇನೆ.