ಕೆರೆಯ ಕೆಸರು, ನನ್ನ ಬಿಳಿ ಪೈಜಾಮ

ಬಸಣ್ಣ, ಅವತ್ತು ನಾನು ನೀರಿಗೆ ಇಳಿಯಲೇ ಇಲ್ಲ. ನಿನ್ನ ಜೀಪು ಸೀಟಿನ ತನಕ ಹೂತು ಕೂತದ್ದು ನಿನ್ನ ಕೈತಪ್ಪಿನಿಂದಲ್ಲ — ನನ್ನ ಸುಳ್ಳಿನಿಂದ.

ನೆನಪಿದೆಯಲ್ಲ, ನನಗೆ ಹೆಣ್ಣು ನೋಡಲೆಂದು ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೊರಟಿದ್ದೆವು. ದಾರಿಯಲ್ಲಿ ಆ ಕೆರೆ. ರವಿವಾರ ಬಂತೆಂದರೆ ಜೀಪಿನವರು ಬಂದು ದಿಬ್ಬ ಹತ್ತಿಸಿ, ಕೆಸರಿಗಿಳಿಸಿ ಮಜಾ ಮಾಡುವ ಜಾಗ. "ಒಂದ್ ಸುತ್ತ ಹೊಡದು ಹೋಗೂಣು, ರಫೀಕ," ಅಂದೆ ನೀನು. ಜೀಪು ಕೊಂಡ ಹೊಸತು. ಬೇಡ ಎನ್ನಲು ನನಗೂ ಮನಸ್ಸಾಗಲಿಲ್ಲ.

ಅಲ್ಲಿಯ ರೀತಿ ನಿನಗೇ ಗೊತ್ತು — ನೀರು ದಾಟುವ ಮೊದಲು ಒಬ್ಬ ಕೋಲು ಹಿಡಿದು ಮುಂದೆ ನಡೆದು ತಳ ನೋಡಬೇಕು, ಅವನು ಕೈ ಬೀಸಿದ ಮೇಲೆಯೇ ಗಾಡಿ. ನಡೆಯುವವನು ನಾನು. ನೀನು ಕೆಸರಲ್ಲಿ ಹಿಡಿತ ಸಿಗಲೆಂದು ಗಾಲಿಗಳ ಗಾಳಿ ಇಳಿಸುತ್ತ ಆ ಕಡೆ ತಿರುಗಿ ಕೂತಿದ್ದೆ. ನಾನು ನೋಡಿದ್ದು ನೀರನ್ನಲ್ಲ, ನನ್ನ ಪೈಜಾಮವನ್ನು. ಅಮ್ಮಿ ಕಡಕ್ಕಾಗಿ ಇಸ್ತ್ರಿ ಮಾಡಿ ಕೊಟ್ಟಿದ್ದಳು. ಎರಿ ಮಣ್ಣಿನ ಗುಣ ತಿಳಿಯದವನೇನಲ್ಲ ನಾನು. ಮೇಲೆ ಗಟ್ಟಿ, ಒಳಗೆ ಹುದಲು. ಆದರೂ ಜಾಲಿಕಂಟಿಯ ಮರೆಗೆ ಹೋಗಿ, ಕೋಲನ್ನು ದಂಡೆಯ ನೀರಿಗೆ ಅಡ್ಡ ಹಾಕಿ ಒದ್ದೆ ಮಾಡಿ, ಪೈಜಾಮ ಮಡಚಿ ಕಾಲಿಗೆ ನಾಲ್ಕು ಬೊಗಸೆ ನೀರು ಸುರುವಿಕೊಂಡು — ಥೂ ನನ್ನ ಜನ್ಮಕ್ಕೆ — ಹೊರಬಂದು ಹೇಳಿದೆ:

"ತಳಾ ಗಟ್ಟಿ ಐತಿ. ಬಿಡು, ಬಸಣ್ಣ."

ನೀನು ಬಿಟ್ಟೆ. ಆಮೇಲೆ... ನೀನು ಕೆಸರಲ್ಲಿ ನಿಂತು ಜೀಪು ನೂಕುತ್ತಿದ್ದಾಗ ನಾನು ದಂಡೆಯಿಂದ ಸಲಹೆ ಕೊಟ್ಟೆ. ಎಳೆಯಲು ಬಂದ ಟ್ರ್ಯಾಕ್ಟರಿನವನು ನಿನ್ನನ್ನು ಕೇಳಿದ, "ಎಮ್ಮಿ ಮೈ ತೊಳ್ಯಾಕ ಬಂದಿದ್ರೇನ್ರಿ?"

ಮುದ್ದೇಬಿಹಾಳದಲ್ಲಿ ನಿನ್ನನ್ನು ಆ ಅವತಾರದಲ್ಲಿ ಒಳಗೆ ಕರೆಯಲಾಗದೆ, ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕೂರಿಸಿದರು. ಹುಡುಗಿಯ ಅಪ್ಪ ಏನಾಯಿತೆಂದು ಕೇಳಿದರು. "ತಪ್ಪು ನಂದರಿ. ಇಂವಾ ದಾರಿ ಬರೊಬ್ಬರಿ ತೋರ್ಸಿದ್ದ, ನಾನ ಎಡಕ್ಕ ಹೊಳ್ಳಿಸಿದೆ," ಅಂದೆ ನೀನು. ಅವರು ನನ್ನ ಕಲೆಯಿಲ್ಲದ ಪೈಜಾಮ ನೋಡಿ ತಲೆದೂಗಿದರು: "ಹುಡುಗ ಹುಷಾರ ಅದಾನ." ಬಾಯಲ್ಲಿ ಶಿರಾ ಇತ್ತು. ಅದರ ಜೊತೆಗೇ ಮಾತನ್ನೂ ನುಂಗಿದೆ.

ಮದುವೆಯಾಯಿತು. ಊರವರು ನಿನ್ನನ್ನು ಇವತ್ತಿಗೂ ಕಾಡಿಸುತ್ತಾರೆ. ಅವರ ಜೊತೆ ನಾನೂ ನಕ್ಕಿದ್ದೇನೆ. ನೀನು ಮಾತ್ರ "ನನ್ನ ಅಂದಾಜ ಕೆಟ್ಟೈತಿ" ಎಂದು ಸ್ಟೇರಿಂಗ್ ಮುಟ್ಟುವುದನ್ನೇ ಬಿಟ್ಟೆ. ನಾಳೆ ದೇವರ ಹಿಪ್ಪರಗಿಯವರು ಜೀಪು ಕೊಳ್ಳಲು ಬರುತ್ತಾರಂತೆ — ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಬೆಳಿಗ್ಗೆ ಹೆಂಡತಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅವಳು, "ಹಂಗಾದ್ರ ನಮ್ಮಪ್ಪ ಮೆಚ್ಚಬೇಕಾಗಿದ್ದು ಕಟ್ಟಿ ಮ್ಯಾಲ ಕುಂತಾವನ್ನ," ಅಂದಳು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಜೀಪು ಮಾರುವುದಾದರೆ ಮಾರು, ಆದರೆ ಕೈ ಕೆಟ್ಟಿತೆಂದು ಮಾರಬೇಡ. ನೀನು ಸರಿಯಾಗಿಯೇ ಹೊಡೆದಿದ್ದೆ, ಬಸಣ್ಣ. ನಿನ್ನ ಮುಂದೆ ನಡೆಯಬೇಕಾದವನು ನಡೆದಿರಲಿಲ್ಲ.