ಬಸ್ಕಿ ಹೇಳಿಕೊಡುವವನ ಕಾಲು

ನಾಚಿಕೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಲಸೂರಿನಲ್ಲಿ ಮಕ್ಕಳಿಗೆ ಫೆನ್ಸಿಂಗ್, ಅಂದರೆ ಕತ್ತಿಯಾಟ, ಕಲಿಸುವ ನಾನು ಬಸ್ಕಿ ಹೊಡೆದು ಆರು ವರ್ಷವಾಗಿತ್ತು.

ಈ ಆಟದಲ್ಲಿ ನೋಡುವವರ ಕಣ್ಣೆಲ್ಲ ಕತ್ತಿಯ ಮೇಲೆ. ಗೆಲ್ಲಿಸುವುದು ಮಾತ್ರ ತೊಡೆ. ಮಂಡಿ ಬಗ್ಗಿಸಿಯೇ ಹಿಂದೆ ಮುಂದೆ ಸರಿಯಬೇಕು, ಒಮ್ಮೆಲೇ ಚಿಮ್ಮಬೇಕು, ಎದುರಾಳಿಯ ಕತ್ತಿ ತಾಗುವ ಮೊದಲೇ ಹಿಂದಕ್ಕೆ ಬಂದಿರಬೇಕು. ಅದಕ್ಕೇ ಮಕ್ಕಳಿಗೆ ದಿನಾ ಬಸ್ಕಿ. ಗರಡಿಯಲ್ಲಿ ವಿದ್ಯೆಯಾಗಿದ್ದದ್ದು ಶಾಲೆಯಲ್ಲಿ ಶಿಕ್ಷೆಯಾಯಿತು, ನಾನು ಅದನ್ನು ಮತ್ತೆ ವಿದ್ಯೆ ಮಾಡಿದೆ ಎಂದು ಕುರ್ಚಿಯಲ್ಲಿ ಕೂತು ಭಾಷಣ ಬಿಗಿಯುತ್ತಿದ್ದೆ. "ಮೆಟ್ರೊದಲ್ಲೂ ಮೆಟ್ಟಿಲೇ ಹತ್ಬೇಕು. ಎಸ್ಕಲೇಟರ್ ಹತ್ತೋರು ನನ್ನ ಕ್ಲಾಸಿಗೆ ಬರ್ಬೇಡಿ" ಎಂದೂ ಅಪ್ಪಣೆಯಾಗಿತ್ತು.

ಒಂದು ಶನಿವಾರ ಕ್ಲಾಸು ಮುಗಿಸಿ, ಟಿನ್ ಫ್ಯಾಕ್ಟರಿ ಕಡೆಯ ಮನೆಗೆ ಹೊರಟವನು ಹಲಸೂರು ಸ್ಟೇಷನ್ನಿನ ಎಸ್ಕಲೇಟರ್ ಮೇಲೆ ಹಾಯಾಗಿ ನಿಂತಿದ್ದೆ. ಪಕ್ಕದ ಮೆಟ್ಟಿಲುಗಳಲ್ಲಿ ನನ್ನ ಶಿಷ್ಯೆ, ಏಳನೇ ಕ್ಲಾಸಿನ ಸುಜಾತಾ, ಕತ್ತಿಯ ಉದ್ದನೆ ಚೀಲ ಹೆಗಲಿಗೇರಿಸಿ ಏದುಸಿರು ಬಿಡುತ್ತ ಹತ್ತುತ್ತಿದ್ದಳು. ಕಣ್ಣು ಕಣ್ಣು ಸೇರಿತು. "ನಮಸ್ತೆ ಸರ್" ಎಂದಳು, ಅಷ್ಟೇ. ಅಷ್ಟು ನಿಧಾನದ ಎಸ್ಕಲೇಟರನ್ನು ನಾನು ಕಂಡಿಲ್ಲ.

ಸೋಮವಾರ ಹಾಲ್‌ನ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾಗ ಒಳಗಿನ ಮಾತು ಕೇಳಿಸಿತು.

"ಸರ್ರೇ ಎಸ್ಕಲೇಟರಲ್ಲಿ ಹೋಗ್ತಿದ್ರು ಕಣೇ, ನಾನೂ ನೋಡ್ದೆ" ಎಂದ ಇನ್ನೊಬ್ಬ ಶಿಷ್ಯ ಇರ್ಫಾನ್.

"ಸುಮ್ನಿರೋ. ಸರ್‌ಗೆ ಮಂಡಿ ನೋವು, ಪಾಪ. ಅದಕ್ಕೇ ಕೂತ್ಕೊಂಡು ಹೇಳ್ಕೊಡೋದು" ಎಂದಳು ಸುಜಾತಾ.

ಅವಳು ಹಾಗೆಂದು ನಂಬಿದ್ದಳೋ, ನನ್ನ ಮಾನ ಉಳಿಸಲು ಕಟ್ಟಿದ್ದಳೋ ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನಾನು ಒಳಗೆ ಹೋಗುವಾಗ ಎರಡು ಹೆಜ್ಜೆ ಕುಂಟಿದೆ. ಬೇಕೆಂದೇ ಕುಂಟಿದೆ. ಅವಳು ಓಡಿ ಹೋಗಿ ಕುರ್ಚಿ ಎಳೆದು ತಂದಳು.

ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

"ನೋವೂ ಇಲ್ಲ, ಏನೂ ಇಲ್ಲಮ್ಮ. ಬರೀ ಸೋಮಾರಿತನ. ಈಗ ಕುಂಟಿದ್ದೂ ಸುಳ್ಳು" ಎಂದೆ. ಸಾಲಿನ ಕೊನೆಗೆ ಹೋಗಿ ಮಕ್ಕಳ ಜೊತೆ ಬಸ್ಕಿಗಿಳಿದೆ. ಹನ್ನೊಂದನೆಯದಕ್ಕೆ ತೊಡೆ ನಡುಗಿ ನೆಲಕ್ಕೆ ಕುಕ್ಕರಿಸಿದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ಸುಜಾತಾ ಪಕ್ಕಕ್ಕೆ ಬಂದು ಮೆಲ್ಲಗೆ, "ಮಂಡಿ ಒಳಗಡೆ ಹೋಗ್ತಿದೆ ಸರ್. ಪಾದ ಸ್ವಲ್ಪ ಅಗಲ ಇಡಿ" ಎಂದಳು.

ಅಗಲಿಸಿಟ್ಟೆ. ಹನ್ನೆರಡನೆಯದು ಬಂತು. ಇಷ್ಟು ವರ್ಷ ನಾನು ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು. ಅದು ನನಗೆ ತಿಳಿದದ್ದು ಮಾತ್ರ ಅವತ್ತು.