ಕಡಬದಿಂದ ತಂದ ಬೆಳ್ಳಿ ಬಣ್ಣದ ಕಾರು

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಕಾರು ಕಲಿತದ್ದು ಒಬ್ಬ ಹೆಂಗಸನ್ನು ನೋಡಿ. ಕೊನೆಗೆ ಕೊಂಡುಕೊಂಡದ್ದೂ ಆಕೆ ಓಡಿಸುತ್ತಿದ್ದ ಕಾರನ್ನೇ. ಅದು ಈಗಲೂ ನಮ್ಮ ಅಂಗಳದಲ್ಲಿದೆ, ಚೆನ್ನಾಗಿಯೇ ಓಡುತ್ತದೆ. ಆಕೆ ಮಾತ್ರ ಈಗ ಯಾವ ಕಾರನ್ನೂ ಮುಟ್ಟುವುದಿಲ್ಲ. ಅದಕ್ಕೆ ಕಾರಣ ನಾನು.

ನನ್ನ ಮನೆ ಪುತ್ತೂರಿನ ಹತ್ತಿರ ನರಿಮೊಗರಿನಲ್ಲಿ. ಕೆಲಸ ನೆಟ್ಟಣದ ಹತ್ತಿರದ ಒಂದು ಹೈಸ್ಕೂಲಿನಲ್ಲಿ, ಸಮಾಜ ವಿಜ್ಞಾನದ ಟೀಚರು. ಹೋಗುವುದಕ್ಕೆ ಎರಡು ಬಸ್ಸು, ಬರುವುದಕ್ಕೆ ಎರಡು ಬಸ್ಸು. ಸಂಜೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ರಸ್ತೆ ಬದಿಯಲ್ಲಿ ಒಂದು ಗಂಟೆ ನಿಲ್ಲಬೇಕು. ಹಾಗೆ ನಿಂತಿದ್ದ ಒಂದು ಸಂಜೆ ಬೆಳ್ಳಿ ಬಣ್ಣದ ಸಣ್ಣ ಕಾರೊಂದು ನನ್ನನ್ನು ದಾಟಿಹೋಗಿ ಮತ್ತೆ ಹಿಂದೆ ಬಂತು. ಸ್ಟೇರಿಂಗ್ ಹಿಡಿದು ಕೂತಿದ್ದವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ತಾಯಿ.

"ಟೀಚರೇ, ಬನ್ನಿ, ಕಡಬದ ತನಕ ಬಿಡ್ತೇನೆ. ಅಲ್ಲಿಂದ ಪುತ್ತೂರಿಗೆ ಬೇಕಾದಷ್ಟು ಬಸ್ಸು ಉಂಟು."

ಆಕೆಯ ಮನೆ ಕಡಬ ಪೇಟೆಯಿಂದ ಸ್ವಲ್ಪ ಒಳಗೆ. ಗಂಡ ಗಲ್ಫಿನಲ್ಲಿ, ವರ್ಷಕ್ಕೆ ಒಂದು ತಿಂಗಳು ಊರಿಗೆ ಬರುವವರು. ಅಂಥ ಒಂದು ರಜೆಯಲ್ಲಿ ಅವರೇ ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಸಿ ಹೆಂಡತಿಗೆ ಕಾರು ಕಲಿಸಿದ್ದರು. ಅದನ್ನು ಹೇಳುವಾಗ ಆಕೆಗೆ ಹೆಮ್ಮೆ. "ನಮ್ಮ ಮನೆತನದಲ್ಲಿ ಲೈಸೆನ್ಸ್ ಮಾಡಿದ ಮೊದಲ ಹೆಂಗಸು ನಾನೇ ಟೀಚರೇ" ಎಂದಿದ್ದಳು. ಅತ್ತೆಯನ್ನು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಮಗಳನ್ನು ಶಾಲೆಯಿಂದ ತರುವುದು, ಬೆಳ್ಳಾರೆಯ ತವರಿಗೆ ಹೋಗಿಬರುವುದು ಎಲ್ಲ ಆಕೆಯೇ. ಎದುರಿನಿಂದ ಬಸ್ಸು ಬಂದರೆ ನಾನು ಕೂತಲ್ಲೇ ಕಾಲು ಒತ್ತುತ್ತಿದ್ದೆ. ಆಕೆ ನಗುತ್ತಿದ್ದಳು. "ಬ್ರೇಕು ನನ್ನ ಹತ್ರ ಉಂಟು, ನೀವು ಆರಾಮ ಕೂತುಕೊಳ್ಳಿ."

ಆಮೇಲೆ ಎಷ್ಟು ಸಲ ಆ ಕಾರಿನಲ್ಲಿ ಕೂತೆನೋ ಲೆಕ್ಕ ಇಲ್ಲ. ನೀವೂ ಕಲಿಯಿರಿ ಎಂದು ನನ್ನ ಬೆನ್ನು ಹತ್ತಿದವಳೂ ಆಕೆಯೇ. ಪುತ್ತೂರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಾಲೇಜು ಮಕ್ಕಳ ನಡುವೆ ಕೂತು ಕಲಿಯಲು ನನಗೆ ನಾಚಿಕೆಯಾಗುತ್ತಿತ್ತು. ಆಕೆ ದಿನಾ ಫೋನ್ ಮಾಡಿ "ಇವತ್ತು ರಿವರ್ಸ್ ಬಂತಾ?" ಎಂದು ಕೇಳುತ್ತಿದ್ದಳು.

ಮಗಳು ಹತ್ತನೇ ಕ್ಲಾಸು ಮುಗಿಸಿದ ವರ್ಷ ಆಕೆಯ ಗಂಡ ಗಲ್ಫ್ ಬಿಟ್ಟು ಊರಿಗೇ ಬಂದರು. ದೊಡ್ಡ ಕಾರು ತೆಗೆಯುವ ಆಲೋಚನೆಯಲ್ಲಿದ್ದರು. ಹಳೆಯದನ್ನು ಯಾರಿಗಾದರೂ ಕೊಡುವುದಾದರೆ ನಮಗೆ ಇರಲಿ ಎಂದು ನಾನೇ ಕೇಳಿದೆ. ಬೇರೆಯವರ ಕೈಯಲ್ಲಿ ಓಡಿದ ಗಾಡಿ ತೆಗೆದುಕೊಳ್ಳುವಾಗ ಮೆಕ್ಯಾನಿಕ್‌ಗೆ ತೋರಿಸಬೇಕು ಎಂದು ನನ್ನ ಮನೆಯವರು ಹೇಳಿದರು. ಅವರಿಗೆ ಪುತ್ತೂರಿನಲ್ಲಿ ಜೆರಾಕ್ಸ್ ಅಂಗಡಿ, ಕಣ್ಣಿನ ತೊಂದರೆಯಿಂದ ಅವರು ಗಾಡಿ ಓಡಿಸುವುದಿಲ್ಲ. ನಾನು ಕೇಳಲಿಲ್ಲ. ಎರಡು ವರ್ಷ ನಾನೇ ಕೂತು ಹೋದ ಗಾಡಿ, ಇನ್ನೆಂತ ತೋರಿಸುವುದು ಎಂದೆ.

ಕಾರು ತರಲು ಹೋದ ದಿನ ಆಕೆ ಎಂದಿನಷ್ಟು ಮಾತಾಡಲಿಲ್ಲ. ನಾನು ಡ್ರೈವರ್ ಸೀಟಿನಲ್ಲಿ ಕೂತಾಗ ಕಿಟಕಿಯ ಹತ್ತಿರ ಬಂದಳು.

"ಟೀಚರೇ, ನಿಮಗೆ ಒಂದು ವಿಷಯ ಹೇಳ್ಬೇಕಿತ್ತು."

ಅಷ್ಟರಲ್ಲಿ ಗಂಡ ಕಾಗದಪತ್ರಗಳ ಫೈಲು ಹಿಡಿದು ಹೊರಗೆ ಬಂದರು. "ಎಂತ ವಿಷಯ?" ಎಂದು ಅವರು ನಗುತ್ತ ಕೇಳಿದರು.

"ಎಂತ ಇಲ್ಲ. ಮಳೆಗೆ ಜಾಗ್ರತೆ ಅಂತ ಹೇಳಿದ್ದು."

ಕಾರು ಬಿಟ್ಟುಕೊಡಲು ಬೇಸರ ಇರಬೇಕು ಎಂದುಕೊಂಡೆ. ಮರುದಿನ ಆಕೆಯ ಫೋನ್ ಬಂತು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ, ತೆಗೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೆಸೇಜು ಬಂತು, ಪುರುಸೊತ್ತಾದಾಗ ಫೋನ್ ಮಾಡಿ ಟೀಚರೇ ಎಂದು. ಮಾಡಬೇಕು ಎಂದುಕೊಂಡವಳು ಮರೆತುಬಿಟ್ಟೆ. ಹೊಸ ಕಾರಿನ ಸಂಭ್ರಮದಲ್ಲಿ, ನನಗದು ಹೊಸದೇ ಆಗಿತ್ತು, ದಿನಗಳು ಹೋದದ್ದೇ ಗೊತ್ತಾಗಲಿಲ್ಲ.

ಎರಡು ವಾರದಲ್ಲಿ ಒಂದೊಂದೇ ಕಾಣಿಸತೊಡಗಿತು. ನೇರ ರಸ್ತೆಯಲ್ಲೂ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮೊದಲು ನನ್ನದೇ ಕೈ ಸರಿಯಿಲ್ಲ ಎಂದುಕೊಂಡೆ. ಜೋರು ಮಳೆ ಬಂದ ಮರುದಿನ ಎಡಗಡೆ ಸೀಟಿನ ಕೆಳಗಿನ ಮ್ಯಾಟ್ ಎತ್ತಿದರೆ ನೀರು ನಿಂತಿತ್ತು. ಮುಂದಿನ ಎಡಗಡೆ ಟಯರು ಒಂದೇ ಬದಿಯಲ್ಲಿ ಸವೆದಿತ್ತು. ಸವಣೂರಿನ ಹತ್ತಿರ ರಸ್ತೆ ಕೆಟ್ಟಿರುವಲ್ಲಿ ಕೆಳಗಿನಿಂದ ಕಟಕಟ ಶಬ್ದ ಬರುತ್ತಿತ್ತು.

ಪುತ್ತೂರಿನ ಒಬ್ಬ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದೆ. ಆತ ಗಾಡಿಯನ್ನು ಮೇಲಕ್ಕೆತ್ತಿ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ. ಬಾನೆಟ್ ತೆಗೆದು ಒಳಗಿನ ಒಂದು ಮೂಲೆಯನ್ನು ಉಗುರಿನಿಂದ ಕೆರೆದ. ಮತ್ತೆ ನನ್ನನ್ನು ಕರೆದ.

"ಟೀಚರೇ, ಇಲ್ಲಿ ನೋಡಿ. ವೆಲ್ಡಿಂಗ್ ಮಾಡಿದ್ದು. ಇದರ ಮೇಲೆ ಪುಟ್ಟಿ ಹಾಕಿ ಪೇಂಟ್ ಹೊಡೆದಿದ್ದಾರೆ. ಇದು ಎಲ್ಲಿಗೋ ಹೋಗಿ ಹೊಡೆದ ಗಾಡಿ ಮಾರಾಯ್ರೆ."

"ಹಾಗಾದ್ರೆ ಓಡಿಸುದು ಬೇಡವಾ?"

"ಓಡಿಸಬಹುದು. ಅಪಾಯ ಇಲ್ಲ. ಸರಿ ಮಾಡಿದ್ರೆ ಇನ್ನೂ ಹತ್ತು ವರ್ಷಕ್ಕೆ ತೊಂದರೆ ಇಲ್ಲ. ಆದ್ರೆ ಮಾರಿದವರು ಹೇಳ್ಬೇಕಿತ್ತಲ್ಲ? ನಾನಾದ್ರೆ ವಾಪಸ್ ಕೊಡ್ತಿದ್ದೆ."

ನನ್ನ ಕಿವಿಗೆ ಬಿದ್ದದ್ದು ಕೊನೆಯ ಎರಡು ಮಾತು ಮಾತ್ರ. ಆತ ತೋರಿಸಿದ ಜಾಗಗಳ ಫೋಟೋ ತೆಗೆದುಕೊಂಡೆ. ಮನೆಗೆ ಬರುವವರೆಗೂ ಆಕೆ ಕಿಟಕಿಯ ಹತ್ತಿರ ನಿಂತು ಮಾತು ನುಂಗಿದ್ದೇ ಕಣ್ಣೆದುರು. ಗೊತ್ತಿದ್ದೂ ಹೇಳಲಿಲ್ಲ. ಇಬ್ಬರೂ ಸೇರಿ ನನ್ನನ್ನು ದಡ್ಡಿ ಮಾಡಿದರು. ಗಾಡಿ ಕೆಟ್ಟದ್ದಕ್ಕಿಂತ ಅದೇ ಹೆಚ್ಚು ಉರಿಯುತ್ತಿತ್ತು.

ನನ್ನ ಮನೆಯವರು ಎಲ್ಲ ಕೇಳಿ ಹೇಳಿದರು, "ಮೊದಲು ಅವಳಿಗೊಂದು ಫೋನ್ ಮಾಡು. ಎಂತ ಆಗಿದೆ ಅಂತ ಕೇಳು. ಆಮೇಲೆ ಹೋಗುದೋ ಬೇಡವೋ ನೋಡುವ."

"ಫೋನ್ ಮಾಡಿದ್ರೆ ಗಂಡ ಹೆಂಡತಿ ಕೂತು ಒಂದು ಉತ್ತರ ರೆಡಿ ಮಾಡಿ ಇಟ್ಟುಕೊಳ್ತಾರೆ. ಹೇಳದೆ ಹೋಗುವ."

ಈ ಮಾತು ನನ್ನ ಬಾಯಿಂದಲೇ ಬಂತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಇಬ್ಬರೂ ಅದೇ ಕಾರಿನಲ್ಲಿ ಹೊರಟೆವು. ಸವಣೂರು ದಾಟಿ, ಶಾಂತಿಮೊಗರು ಸೇತುವೆ ದಾಟಿ ಹೋಗುವಾಗ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವರ ಮನೆಯಲ್ಲಿ ಗಂಡ ಜಗಲಿಯಲ್ಲೇ ಇದ್ದರು. ಸಂತೋಷದಿಂದ ಎದ್ದು ಬಂದು ಕರೆದರು. ಒಳಗೆ ಹೆಂಡತಿಗೆ ಶರಬತ್ತು ಮಾಡಲು ಹೇಳಿದರು. ನಾನು ಕೂರುವ ಮೊದಲೇ ಶುರು ಮಾಡಿದೆ.

"ಈ ಗಾಡಿ ನಮಗೆ ಬೇಡ. ವಾಪಸ್ ಕೊಡ್ಲಿಕ್ಕೆ ಬಂದದ್ದು."

ಅವರಿಗೆ ಅರ್ಥವಾಗಲಿಲ್ಲ. "ಎಂತಾಯ್ತು ಟೀಚರ್?"

"ಆಕ್ಸಿಡೆಂಟ್ ಆದ ಗಾಡಿ ಅಂತ ಒಂದು ಮಾತು ಹೇಳ್ಬೋದಿತ್ತಲ್ಲ ನೀವು? ಪರಿಚಯದವರಿಗೇ ಹೀಗೆ ಮಾಡುದಾ?"

ಅವರ ಮುಖ ಕೆಂಪಾಯಿತು. ಆದರೂ ಸ್ವರ ಏರಿಸಲಿಲ್ಲ. "ನೋಡಿ, ಈ ಗಾಡಿ ಶೋರೂಮಿನಿಂದ ತಂದವ ನಾನು. ಇವತ್ತಿನವರೆಗೆ ಒಂದು ಕಡೆ ತಾಗಿದ್ದಿಲ್ಲ. ನಿಮ್ಮ ಮೆಕ್ಯಾನಿಕ್‌ಗೆ ತಪ್ಪಿರಬೇಕು. ನಾನು ಸುಳ್ಳು ಹೇಳಿ ವ್ಯಾಪಾರ ಮಾಡುವವ ಅಲ್ಲ."

ನಾನು ಮೊಬೈಲ್ ತೆಗೆದು ಫೋಟೋಗಳನ್ನು ತೋರಿಸಿದೆ. ಒಂದೊಂದನ್ನೂ ದೊಡ್ಡದು ಮಾಡಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಮತ್ತೆ ಮೊದಲಿನ ಫೋಟೋಗೆ ಹೋಗಿ ನೋಡಿದರು. ಆಗಲೇ ನನಗೆ ಹೊಳೆಯಬೇಕಿತ್ತು. ಆ ಮನುಷ್ಯ ನಟಿಸುತ್ತಿರಲಿಲ್ಲ, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ.

ಆಕೆ ಶರಬತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಗಂಡ ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ಆಕೆ ಉತ್ತರವನ್ನು ಕನ್ನಡದಲ್ಲಿ ಕೊಟ್ಟಳು, ನಮಗೂ ಗೊತ್ತಾಗಲಿ ಎಂದೇ ಇರಬೇಕು.

"ಹೌದು. ತಾಗಿಸಿದ್ದು ನಾನು."

ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ನಿಂತುಕೊಂಡೇ ಹೇಳಿದಳು. ಎರಡು ಮಳೆಗಾಲದ ಹಿಂದೆ ಬೆಳ್ಳಾರೆಯಿಂದ ಒಬ್ಬಳೇ ಬರುವಾಗ ತಿರುವಿನಲ್ಲಿ ದನ ಅಡ್ಡ ಬಂತು. ತಪ್ಪಿಸಲು ಹೋಗಿ ಮೋರಿಯ ಕಟ್ಟೆಗೆ ಹೊಡೆಯಿತು. ಯಾರಿಗೂ ಏನೂ ಆಗಲಿಲ್ಲ. ಅಣ್ಣ ಬಂದು ಗಾಡಿಯನ್ನು ಸುಳ್ಯಕ್ಕೆ ಕೊಂಡುಹೋಗಿ ಸರಿ ಮಾಡಿಸಿ ತಂದುಕೊಟ್ಟ. ಗಂಡನಿಗೆ ಹೇಳಬಾರದೆಂದು ಅಣ್ಣನ ಹತ್ತಿರ ಮಾತು ತೆಗೆದುಕೊಂಡಿದ್ದಳು.

"ನೀವೇ ಹೇಳಿದ್ದಲ್ವಾ, ಒಂದು ಸಲ ತಾಗಿಸಿದ್ರೆ ಮತ್ತೆ ಗಾಡಿ ಮುಟ್ಟುದು ಬೇಡ ಅಂತ" ಎಂದಳು ಗಂಡನಿಗೆ. "ಆಮೇಲೆ ನಿಮ್ಮ ಉಮ್ಮನನ್ನು ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗುದು? ಹಾಗೆ ಹೇಳ್ಲಿಲ್ಲ."

ನನ್ನ ಕಡೆ ತಿರುಗಿದಳು. "ಟೀಚರೇ, ನಿಮಗೆ ಹೇಳ್ಬೇಕು ಅಂತಲೇ ಫೋನ್ ಮಾಡಿದ್ದು."

ಗಂಡ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೊಬೈಲನ್ನು ನನಗೆ ವಾಪಸ್ ಕೊಟ್ಟು, ಕನ್ನಡಕ ತೆಗೆದು ಜೇಬಿಗೆ ಹಾಕಿ, ಮೆತ್ತಗೆ ಹೇಳಿದರು, "ತಪ್ಪಾಯ್ತು ಟೀಚರ್. ಗಾಡಿ ಇಲ್ಲೇ ಬಿಟ್ಟು ಹೋಗಿ. ನಿಮ್ಮನ್ನು ನಾನು ಮನೆಗೆ ಮುಟ್ಟಿಸ್ತೇನೆ."

"ಬೇಡ, ಮೆಕ್ಯಾನಿಕ್ ಸರಿಯಾಗ್ತದೆ ಅಂತ ಹೇಳಿದ್ದಾರೆ, ನಾವೇ ಇಟ್ಟುಕೊಳ್ತೇವೆ" ಎಂದೆ. ಅವರು ಒಪ್ಪಲಿಲ್ಲ. ಕೊನೆಗೆ ನನ್ನ ಮನೆಯವರು ಅವರ ಕೈ ಹಿಡಿದು, ಗಾಡಿ ನಮಗೆ ಬೇಕು, ಈ ಮಾತನ್ನು ಇಲ್ಲಿಗೇ ಬಿಡುವ ಎಂದು ಎರಡು ಮೂರು ಸಲ ಹೇಳಿದ ಮೇಲೆ ಸುಮ್ಮನಾದರು. ಶರಬತ್ತನ್ನು ಎಲ್ಲರೂ ಒಂದು ಗುಟುಕು ಕುಡಿದು ಇಟ್ಟೆವು. ಆಕೆ ಅಷ್ಟರಲ್ಲಿ ಒಳಗೆ ಹೋಗಿದ್ದಳು. ಹೊರಡುವಾಗ ಹೊರಗೆ ಬರಲಿಲ್ಲ.

ಪುತ್ತೂರಿನ ಮೆಕ್ಯಾನಿಕ್ ಗಾಡಿಯನ್ನು ನಾಲ್ಕು ದಿನ ಇಟ್ಟುಕೊಂಡು ಸರಿ ಮಾಡಿಕೊಟ್ಟ. ನೀರು ಒಳಗೆ ಬರುವುದು ತಪ್ಪಿತು, ಶಬ್ದ ಹೋಯಿತು, ಎಳೆತವೂ ಇಲ್ಲ. ಇಷ್ಟೇ ವಿಷಯ, ನಾನು ಮೊದಲೇ ಫೋನ್ ಮಾಡಿದ್ದರೆ ಅದರಲ್ಲೇ ಮುಗಿಯುತ್ತಿತ್ತು. ಆಕೆ ನನಗೆ ನಡೆದದ್ದು ಹೇಳುತ್ತಿದ್ದಳು, ನಾನು ಸ್ವಲ್ಪ ಸಿಟ್ಟು ಮಾಡಿಕೊಂಡು ಸುಮ್ಮನಾಗುತ್ತಿದ್ದೆ.

ಆ ಮನೆಗೆ ಆಮೇಲೆ ದೊಡ್ಡ ಕಾರು ಬಂತು. ಶಾಲೆಗೆ ಹೋಗುವ ದಾರಿಯಲ್ಲಿ ಒಂದೆರಡು ಸಲ ಕಂಡಿದ್ದೇನೆ. ಓಡಿಸುವವರು ಆಕೆಯ ಗಂಡ. ಆಕೆ ಹಿಂದಿನ ಸೀಟಿನಲ್ಲಿ, ಅತ್ತೆಯ ಪಕ್ಕದಲ್ಲಿ. ಆ ಮನುಷ್ಯ ಕೆಟ್ಟವರೆಂದು ನನಗೆ ಯಾವತ್ತೂ ಅನಿಸಿಲ್ಲ. ಇನ್ನು ಓಡಿಸಬೇಡ ಎಂದು ಬಾಯಿಬಿಟ್ಟು ಹೇಳಿರಲಾರರು ಕೂಡ. ಹೊರಗಿನವರ ಎದುರು ಆ ವಿಷಯ ತಿಳಿಯಬೇಕಾಗಿ ಬಂತಲ್ಲ, ಅದೇ ಅವರಿಗೆ ಸಹಿಸಲಿಕ್ಕಾಗದೆ ಹೋಗಿರಬೇಕು. ಆಕೆಯೂ ಕೀಲಿ ಕೇಳಿರಲಿಕ್ಕಿಲ್ಲ.

ಕಳೆದ ತಿಂಗಳು ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ ಕಡಬದಲ್ಲಿ ಕೆಲಸ ಮುಗಿಸಿ ಬರುವಾಗ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಆಕೆ ಒಬ್ಬಳೇ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದದ್ದು ಕಂಡಿತು. ಗಂಡ ಮದುವೆಗೆಂದು ಮಂಗಳೂರಿಗೆ ಹೋಗಿದ್ದರಂತೆ. ನಾನು ಗಾಡಿ ನಿಲ್ಲಿಸಿ ಕರೆದೆ. ಸ್ವಲ್ಪ ಯೋಚಿಸಿ ಹತ್ತಿದಳು. ಮಗಳು ಪಿಯುಸಿಯಲ್ಲಿ ಒಳ್ಳೆ ಮಾರ್ಕು ತೆಗೆದಿದ್ದಾಳೆ, ಅತ್ತೆಗೆ ಮಂಡಿನೋವು ಹೆಚ್ಚಾಗಿದೆ, ಹೀಗೇ ಮಾತಾಡಿದೆವು. ಆಲಂಕಾರು ದಾಟಿದ ಮೇಲೆ ನಾನು ರಸ್ತೆ ಬದಿಗೆ ನಿಲ್ಲಿಸಿದೆ.

"ಸ್ವಲ್ಪ ದೂರ ನೀವು ಓಡಿಸಿ" ಎಂದೆ.

ಆಕೆ ನಕ್ಕು ತಲೆಯಾಡಿಸಿದಳು. "ಬೇಡ ಟೀಚರೇ. ಅಭ್ಯಾಸ ತಪ್ಪಿದೆ."

ಅಷ್ಟು ದಿನ ಹೇಳಲು ಆಗದಿದ್ದದ್ದನ್ನು ಅಲ್ಲೇ ಹೇಳಿದೆ. ಆ ದಿನ ನಾನು ಹಾಗೆ ನಿಮ್ಮ ಮನೆಗೆ ಬರಬಾರದಿತ್ತು, ನನ್ನದು ತಪ್ಪು ಎಂದೆ. ಆಕೆ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಮುಂದಿನ ರಸ್ತೆಯನ್ನೇ ನೋಡಿದಳು.

"ನೀವು ಕೇಳಿದ್ದು ಸರಿಯೇ. ದುಡ್ಡು ಕೊಟ್ಟವರು ಕೇಳುದಲ್ವಾ. ನನ್ನ ಹತ್ರ ಮೊದಲು ಕೇಳ್ಬೋದಿತ್ತು, ಅಷ್ಟೇ."

ಆಕೆ ಕೈಗಡಿಯಾರ ನೋಡಿಕೊಂಡಳು.

"ಹೋಗುವ ಟೀಚರೇ, ಹನ್ನೊಂದಕ್ಕೆ ಡಾಕ್ಟರು ಸಿಗುದು" ಎಂದಳು. ನಾನು ಗೇರ್ ಹಾಕಿದೆ. ಪುತ್ತೂರಿನ ತನಕ ಆಕೆ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಆಸ್ಪತ್ರೆಯ ಎದುರು ಇಳಿದು, ಥ್ಯಾಂಕ್ಸ್ ಹೇಳಿ, ಬರುವಾಗ ಬಸ್ಸು ಉಂಟು, ಕಾಯುವುದು ಬೇಡ ಎಂದು ಹೇಳಿ ಒಳಗೆ ಹೋದಳು.